ಎಣ್ಣ್ಯಾಗ ಇದ್ದ

ಕಡಲೆಹಿಟ್ಟು ಹಚ್ಚಿ ತಿಕ್ಕಿದರೂ ಹೋಗಲಿಲ್ಲ. ರೇವವ್ವ ಗಂಡನ ತಲೆಯ ಮೇಲೆ ಇನ್ನೊಂದು ತಂಬಿಗೆ ಬಿಸಿನೀರು ಸುರಿದಳು. ಕೆಂಪು ನೀರು ಕಿವಿಯ ಹಿಂದಿನಿಂದ ಇಳಿದು ಬಚ್ಚಲ ಕಲ್ಲಿನ ಮೇಲೆ ಹರಡಿತು.

"ಇನ್ನೂ ರಗತ ಬರಾಕತ್ತೈತೇನ ಬೇ?" ಹೊಸ್ತಿಲ ಹೊರಗೆ ನಿಂತಿದ್ದ ನೆರೆಮನೆಯ ಮಹಾದೇವಕ್ಕ ಕೇಳಿದಳು.

"ರಗತ ಅಲ್ಲ. ಗಾಡಿ ಎಣ್ಣಿ."

ಎಣ್ಣಿ ಎಂಬ ಮಾತು ಬೀಳುತ್ತಲೇ ಮಹಾದೇವಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಂಗಳದಲ್ಲಿ ಚಾಪೆಯ ಮೇಲೆ ಕುಳಿತ ಗಂಡಸರಲ್ಲಿ ಯಾರೋ ಕೆಮ್ಮಿದರು.

ಹೊಳಬಸಪ್ಪ ನಿನ್ನೆ ಮಧ್ಯಾಹ್ನ ಸಾವ್ಕಾರ ಶಂಭುಲಿಂಗಪ್ಪನವರ ಕಾರಿನ ಕೆಳಗೆ ಸತ್ತಿದ್ದ. ಜನ ಓಡಿ ಬಂದಾಗ ಸಾವ್ಕಾರರು ಹೇಳಿದ್ದು ಒಂದೇ ಮಾತು: "ಏನ್ ಹೇಳ್ಲಿ, ಪೂರಾ ಎಣ್ಣ್ಯಾಗ ಇದ್ದ." ಯಾವ ಎಣ್ಣೆ ಎಂದು ಅವರು ಹೇಳಲಿಲ್ಲ, ಯಾರೂ ಕೇಳಲಿಲ್ಲ. ಎಣ್ಣೆಯಲ್ಲಿದ್ದ ಎಂದರೆ ತಿರ್ಲಾಪುರದಲ್ಲಿ ಕುಡಿದಿದ್ದ ಎಂದೇ ಅರ್ಥ. ದೀಪ ಹಚ್ಚುವ ಹೊತ್ತಿಗೆ, ಹೊಳಬಸಪ್ಪ ಬಸ್ ನಿಲ್ದಾಣದ ಹತ್ತಿರ ತೂರಾಡುವುದನ್ನು ಕಣ್ಣಾರೆ ಕಂಡವರೂ ಹುಟ್ಟಿಕೊಂಡಿದ್ದರು.

ಮೈದುನ ಈರಬಸಪ್ಪ ಬಚ್ಚಲ ಬಾಗಿಲಿಗೆ ಬಂದು, ಒಳಗೆ ನೋಡದೆ ನಿಂತ.

"ವೈನಿ, ಅಯ್ಯಾರ ಬರತಾರಂತ. ಆದ್ರ ಕುಡದ ಸತ್ತಾವನ ತಲಿ ಮ್ಯಾಲ ಪಾದ ಇಡೂದಿಲ್ಲ ಅಂದಾರ."

ಜಂಗಮರ ಪಾದ ತಲೆಗೆ ಸೋಕದೆ ಲಿಂಗವಂತರ ಹೆಣ ಮಣ್ಣಿಗೆ ಹೋಗುವಂತಿರಲಿಲ್ಲ. ರೇವವ್ವ ತಂಬಿಗೆ ಕೆಳಗಿಟ್ಟಳು. "ನೀ ಅಲ್ಲೇ ಇದ್ದೆಲ್ಲಾ? ನಿನ್ನಿ ನನ್ನ ಮುಂದ ಏನ್ ಹೇಳಿದಿ, ಅದನ್ನ ಅವರ ಮುಂದ ಹೇಳು."

"ನಿನ್ನಿ ನನ್ನ ತಲಿ ನೆಟ್ಟಗಿದ್ದಿಲ್ಲ."

"ಇವತ್ತ ನೆಟ್ಟಗಾತೇನು?"

"ನಾ ಸಾವ್ಕಾರ್ರ ಹೊಲಾ ಮಾಡೇನಿ, ವೈನಿ. ಹತ್ತಿ ಬಿಡಿಸಾಕ ಬಂದೈತಿ." ಅವನು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದ. "ನೀವೂ ಸುಮ್ಮನಿರ್ರಿ. ಊರಾಗ ಇರಾಕ ಬೇಕಲ್ಲ."

"ಪಾದಾನೂ ಬೀಳಬೇಕು, ಕುಡದಿದ್ದಿಲ್ಲ ಅನ್ನೂದೂ ಆ ಸಾವ್ಕಾರನ ಬಾಯಿಂದ ಬರಬೇಕು," ಎಂದಳು ರೇವವ್ವ. "ಅಲ್ಲೀತನಕ ಹೆಣಾ ಏಳೂದಿಲ್ಲ."

*

ಆ ಕಾರನ್ನು ಶಂಭುಲಿಂಗಪ್ಪನವರು ಯಾವುದೋ ಸಂಸ್ಥಾನಿಕರ ಮನೆಯಿಂದ ಕೊಂಡು ತಂದಿದ್ದರು. ಅಮೇರಿಕದ ಗಾಡಿ, ಎತ್ತಿನ ಬಂಡಿ ಎರಡು ಸೇರಿದಷ್ಟು ಉದ್ದ. ಕ್ಲಚ್ ಇರಲಿಲ್ಲ. ಅಣ್ಣಿಗೇರಿಯ ಹತ್ತಿ ಜಿನ್ನಿನಲ್ಲಿ ಯಂತ್ರದ ಕೆಲಸ ಮಾಡಿಕೊಂಡಿದ್ದ ಹೊಳಬಸಪ್ಪನನ್ನು ಅದರ ಡ್ರೈವರನಾಗಲು ಕರೆಸಿದರು. ಅವನು ಅದನ್ನು ಓಡಿಸಿ ಇಳಿದು, ನಗುತ್ತ, "ಇದಕ್ಕ ಎಡಗಾಲ ಬ್ಯಾಡ್ರಿ ಸಾವ್ಕಾರ್ರ. ಬ್ರೇಕಿನ ಮ್ಯಾಲಿನ ಕಾಲು ತಗದ್ರ ತಾನ ಹೊಂಡತೈತಿ, ಚಕ್ಕಡಿ ಎತ್ತಿನಂಗ" ಎಂದಿದ್ದ.

ಗೇರ್ ಪೆಟ್ಟಿಗೆಯ ಕೆಳಗೆ ಪರಾತದಂಥ ಒಂದು ತಗಡಿನ ತಟ್ಟೆ. ತಟ್ಟೆಗೂ ಪೆಟ್ಟಿಗೆಗೂ ನಡುವೆ ಎಣ್ಣೆ ತಡೆಯಲು ಬೂಚಿನ ಹಾಳೆಯ ಒಂದು ಗ್ಯಾಸ್ಕೆಟ್. ಅದು ಹಳತಾಗಿ ಗೇರಿನ ಕೆಂಪೆಣ್ಣೆ ಸೋರುತ್ತಿತ್ತು. ಹೊಸದು ಹುಬ್ಬಳ್ಳಿಯಲ್ಲೂ ಸಿಗುತ್ತಿರಲಿಲ್ಲ. ಹೊಳಬಸಪ್ಪ ತಟ್ಟೆಯನ್ನು ಮನೆಗೇ ತಂದು, ಅದರ ಮೇಲೆ ಬೂಚಿನ ಹಾಳೆ ಹಾಸಿ, ಸುತ್ತಿಗೆಯ ಗುಂಡುತಲೆಯಿಂದ ಅಂಚಿನುದ್ದಕ್ಕೂ ಮೆಲ್ಲಗೆ ಬಡಿಯುತ್ತಿದ್ದ. ಅಂಚು ಹಾಳೆಯ ಮೇಲೆ ಮೂಡುತ್ತಿತ್ತು. ಕತ್ತರಿಸುವುದು ರೇವವ್ವನ ಕೆಲಸ. ಕೌದಿ ಹೊಲಿಯುವ ಅವಳ ಕೈ ನಡುಗುತ್ತಿರಲಿಲ್ಲ.

"ಬೋಲ್ಟ ಬಿಗಿಯೂಮುಂದ ಪಾನೆ ಎರಡ ಬಟ್ಟಿನ್ಯಾಗ ಹಿಡೀಬೇಕು," ಎನ್ನುತ್ತಿದ್ದ. "ಜೋರ ಮಾಡಿದ್ರ ಹಿಂಡಿ ಹರೀತೈತಿ. ಮತ್ತ ಸೋರತೈತಿ."

"ನನಗ್ಯಾಕ ಹೇಳ್ತೀರಿ? ನಿಮ್ಮ ಸಾವ್ಕಾರಗ ಹೇಳ್ರಿ."

"ಅವರಿಗೆ ಹೇಳಿದ್ರ ಇನ್ನೊಂದ ಸುತ್ತ ಬಿಗೀತಾರ."

ಇಬ್ಬರೂ ನಗುತ್ತಿದ್ದರು. ಗಂಡಹೆಂಡತಿ ಸೇರಿ ಸಾವ್ಕಾರರನ್ನು ಆಡಿಕೊಂಡು ನಕ್ಕದ್ದು ಆ ಮನೆಯ ಗೋಡೆಯಾಚೆ ಹೋಗಿರಲಿಲ್ಲ. ಮಕ್ಕಳಿರಲಿಲ್ಲ. ಅವನು ಸಂಜೆ ಬಂದು ಕೈಗೆ ಬೂದಿ ಹಚ್ಚಿ ತೊಳೆದು, ಲಿಂಗಪೂಜೆ ಮಾಡಿ, ರೊಟ್ಟಿ ತಿಂದು, ಅಂಗಳದಲ್ಲಿ ಮಲಗುತ್ತಿದ್ದ. ಅವನ ಬಗ್ಗೆ ಹೇಳುವಂಥದ್ದು ಅದಕ್ಕಿಂತ ಹೆಚ್ಚು ಇರಲಿಲ್ಲ. ಅವನು ಹಾಗೆ ಇರಲೆಂದೇ ರೇವವ್ವನೂ ಬಯಸಿದ್ದಳು.

*

ಹೆಣವನ್ನು ಪಡಸಾಲೆಯಲ್ಲಿ ಕಂಬಕ್ಕೆ ಒರಗಿಸಿ ಕೂಡ್ರಿಸಿದರು. ಎದೆಯ ಗೂಡು ಮುರಿದಿದ್ದರಿಂದ ಅದು ನೆಟ್ಟಗೆ ಕೂಡಲಿಲ್ಲ. ಧೋತರವನ್ನು ಹರಿದು ಕಂಬಕ್ಕೆ ಕಟ್ಟಬೇಕಾಯಿತು. ಹಣೆಗೆ ವಿಭೂತಿ ಬಳಿದರು. ಭಜನೆಯವರು ಬಂದು ಕುಳಿತರು.

ಚಹದಂಗಡಿಯ ಇಮಾಮಹುಸೇನ ಟೋಪಿ ಕೈಯಲ್ಲಿ ಹಿಡಿದು ಅಂಗಳದ ತುದಿಯಲ್ಲಿ ನಿಂತಿದ್ದ. "ನನ್ನ ಅಂಗಡ್ಯಾಗ ದಿನಾ ಚಾ ಕುಡಿತಿದ್ದನ್ರೆಪಾ. ಸಕ್ರಿ ಒಂದಿಷ್ಟ ಜಾಸ್ತಿ ಬಿದ್ರ ತಲಿ ಗಿಮ್ ಅಂತೈತಿ ಅಂತಿದ್ದ. ಅಂಥಾಂವ ಎಲ್ಲಿ ಕುಡದಾನು?"

"ನಿನ್ನ ಚಾ ಕುಡದ ಕೆಟ್ಟಾನ ಬಿಡೋ ಸಾಬಾ," ಎಂದ ಭಜನೆಯವನೊಬ್ಬ. ತಾಳ ಹಿಡಿದ ಇಬ್ಬರು ತಲೆ ತಗ್ಗಿಸಿ ನಕ್ಕರು.

ಇಮಾಮಹುಸೇನ ಟೋಪಿ ಹಾಕಿಕೊಂಡು ಹಿಂದೆ ಸರಿದ. ರೇವವ್ವ ಯಾರು ನಕ್ಕರು, ಯಾರು ನಗಲಿಲ್ಲ ಎಂದು ನೋಡಿಕೊಂಡಳು. ಅಯ್ಯನವರು ಬಂದು ಹೊರಗಿನ ಕಟ್ಟೆಯ ಮೇಲೆಯೇ ಕುಳಿತರು. ಈರಬಸಪ್ಪ ಅವರಿಗೆ ನೀರು ಕೊಟ್ಟ. ಕೊಟ್ಟವನೇ, ಹೆಣ ಹೊರುವ ವಿಮಾನ ಕಟ್ಟಲು ಹೋದ.

*

ಹಿಂದಿನ ಸಂಜೆ ಈರಬಸಪ್ಪ ರೇವವ್ವನ ಮುಂದೆ ನೆಲಕ್ಕೆ ಹಣೆ ಬಡಿದುಕೊಂಡು ಎಲ್ಲ ಹೇಳಿದ್ದ.

ಹುಬ್ಬಳ್ಳಿಯಿಂದ ಬೀಗರು ಬರುವವರಿದ್ದರು. ಅಂಗಳದಲ್ಲಿ ಎಣ್ಣೆಯ ಕಲೆ ಕಂಡು ಸಾವ್ಕಾರರು ತಾವೇ ಪಾನೆ ಹಿಡಿದು ತಟ್ಟೆಯ ಬೋಲ್ಟುಗಳನ್ನು ಬಿಗಿದಿದ್ದರು. ಗ್ಯಾಸ್ಕೆಟ್ ಹರಿದು ಸೋರುವುದು ಹೆಚ್ಚಾಯಿತು. ಹೊಳಬಸಪ್ಪ ಕಾರಿನ ಮುಂಭಾಗವನ್ನು ಕಲ್ಲಿನ ಮೇಲೆ ಏರಿಸಿ, ಹೊಸದು ಕೂಡ್ರಿಸಿ, ಎಣ್ಣೆ ತುಂಬಿದ. ಆಮೇಲೆ ಎಂಜಿನ್ ಚಾಲೂ ಇಟ್ಟು, ಬ್ರೇಕ್ ಒತ್ತಿ ಹಿಡಿದು, ಗೇರಿನ ಕಡ್ಡಿಯನ್ನು ಒಂದೊಂದೇ ಮನೆಗೆ ಸರಿಸಬೇಕು. ಕೆಳಗೆ ಮಲಗಿದವನು ಎಲ್ಲಿ ಜಿನುಗುತ್ತದೆ ಎಂದು ನೋಡಬೇಕು. ಸೀಟಿನಲ್ಲಿ ಯಾವಾಗಲೂ ಈರಬಸಪ್ಪ ಕೂಡುತ್ತಿದ್ದ.

"ಸರಿಯಲೇ, ನಾ ಕೂಡತೇನಿ. ಲಗೂನ ಆಗಲಿ," ಎಂದು ಸಾವ್ಕಾರರು ಏರಿದ್ದರು.

ಅವರು ಟ್ರ್ಯಾಕ್ಟರ್ ಓಡಿಸಿ ರೂಢಿಯಾದವರು. ಗೇರ್ ಹಾಕುವಾಗ ಎಡಗಾಲಿನಿಂದ ಕ್ಲಚ್ ತುಳಿದರು. ಅಲ್ಲಿ ಬರಿಯ ನೆಲವಿತ್ತು. ಬಲಗಾಲು ಬ್ರೇಕಿನಿಂದ ಎದ್ದಿತ್ತು. ಗಾಡಿ ಸದ್ದಿಲ್ಲದೆ ಮುಂದಕ್ಕೆ ಸರಿದು ಕಲ್ಲಿನಿಂದ ಇಳಿಯಿತು. ಕೆಳಗಿನ ತಟ್ಟೆ ಒಡೆದು ಎಣ್ಣೆಯೆಲ್ಲ ಹೊಳಬಸಪ್ಪನ ಮೇಲೆ ಸುರಿಯಿತು.

"ಅವರು ಇನ್ನೂ ತುಳಕೊಂಡ ಕುಂತಿದ್ರು, ವೈನಿ," ಎಂದಿದ್ದ ಈರಬಸಪ್ಪ. "ನಾ ಒದರಾಕತ್ತಿದ್ದೆ. ಅವರು ಎಡಗಾಲ ಒತ್ತಿ ಹಿಡಕೊಂಡ ಕುಂತಿದ್ರು."

*

ಶಂಭುಲಿಂಗಪ್ಪನವರು ಹೊತ್ತು ಇಳಿಯುವ ಮೊದಲು ಬಂದರು, ನಡೆದುಕೊಂಡು. ಜನ ಎದ್ದು ನಿಂತರು. ಅವರು ಹೆಣಕ್ಕೆ ಹೂವಿನ ಹಾರ ಹಾಕಿ, ಕಣ್ಣೊರೆಸಿಕೊಂಡು, ಕಟ್ಟೆಯತ್ತ ತಿರುಗಿದರು.

"ಅಯ್ಯಾರ, ಮನಸ್ಯಾ ಅಂದ ಮ್ಯಾಲ ತಪ್ಪು ಆಗತಾವು. ಸತ್ತ ಮ್ಯಾಲ ಏನ್ ಸಿಟ್ಟು? ನನ್ನ ಸಲುವಾಗಿ ಕ್ಷಮಾ ಮಾಡಿ ಪಾದ ಇಡ್ರಿ."

ಅಂಗಳದಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ಅಯ್ಯನವರು ಸ್ವಲ್ಪ ಹೊತ್ತು ಯೋಚಿಸಿದಂತೆ ಮಾಡಿ, ಎದ್ದರು. "ನೀವು ಹೇಳತೀರಿ ಅಂತ."

ರೇವವ್ವ ಹೆಣಕ್ಕೂ ಅಯ್ಯನವರಿಗೂ ನಡುವೆ ಬಂದು ಕುಳಿತಳು.

"ಕ್ಷಮಾ ಬ್ಯಾಡ್ರಿ. ಕ್ಷಮಾ ಯಾತಕ್ಕ? ಸಾವ್ಕಾರ್ರ, ಎಣ್ಣ್ಯಾಗ ಇದ್ದ ಅಂದ್ರೆಲ್ಲ, ಯಾವ ಎಣ್ಣಿ? ಅಷ್ಟ ಹೇಳ್ರಿ."

"ಏ ರೇವವ್ವಾ, ತಲಿ ಕೆಟ್ಟೈತೇನ ಬೇ?" ಮಹಾದೇವಕ್ಕ ಅವಳ ತೋಳು ಹಿಡಿದಳು. "ಅಷ್ಟ ದೊಡ್ಡವರು ಕೈ ಮುಗದ ಬೇಡಾಕತ್ತಾರ, ನೀ ಅಡ್ಡ ಕುಂತಿಯಲ್ಲ!"

"ಯಾವ ಎಣ್ಣಿ?"

ಅವಳು ಈರಬಸಪ್ಪನ ಕಡೆ ನೋಡಿದಳು. ಅವನು ವಿಮಾನಕ್ಕೆ ಬಾಳೆಯ ಕಂಬ ಕಟ್ಟುವುದರಲ್ಲಿದ್ದ. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದ.

ಶಂಭುಲಿಂಗಪ್ಪನವರು ಮೆಲ್ಲಗೆ ಬಂದು ಅವಳ ಪಕ್ಕದಲ್ಲಿ ಮೊಣಕಾಲೂರಿದರು. ಅವಳ ತಲೆಯ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ ಬಾಗಿದರು. ಅವರ ಉಸಿರಿಗೆ ಲವಂಗದ ವಾಸನೆಯಿತ್ತು.

"ಅಂವ ಕುಡದಿದ್ದಿಲ್ಲ," ಎಂದರು, ಅವಳೊಬ್ಬಳಿಗೆ ಕೇಳುವಷ್ಟು. "ನನಗ ಗೊತ್ತೈತಿ. ಇನ್ನ ಏಳು."

"ನೋಡ್ರಿ, ಡ್ರೈವರನ ಹೇಣತಿ ಮುಂದ ಮೊಣಕಾಲ ಊರ್ಯಾರ," ಎಂದು ಹಿಂದೆ ಯಾರೋ ಅಂದರು. "ಎಂಥಾ ಮನಸ್ಸು!"

ರೇವವ್ವ ತಲೆಯೆತ್ತಿದಳು. "ಜೋರಾಗಿ ಹೇಳ್ರಿ."

ಅವರು ಎದ್ದು ಧೋತರದ ಧೂಳು ಕೊಡವಿಕೊಂಡರು.

"ಈಗ ಹೇಳಿದ್ದನ್ನ ಜೋರಾಗಿ ಹೇಳ್ರಿ! ಎಲ್ಲಾರೂ ಕೇಳಲಿ!"

ಮಹಾದೇವಕ್ಕ ಮತ್ತು ಇನ್ನಿಬ್ಬರು ಹೆಂಗಸರು ಅವಳನ್ನು ತೋಳು ಹಿಡಿದು ಗೋಡೆಯ ಬದಿಗೆ ಎಳೆದುಕೊಂಡರು. ಅಯ್ಯನವರು ಮುಂದೆ ಬಂದರು. ಶಂಭುಲಿಂಗಪ್ಪನವರು ಭಜನೆಯವರತ್ತ ನೋಡಿ ಗದ್ದ ಆಡಿಸಿದರು. ತಾಳಗಳು ಒಮ್ಮೆಲೆ ಎದ್ದವು. ರೇವವ್ವನ ಕತ್ತಿನ ನರ ಉಬ್ಬಿತ್ತು, ಬಾಯಿ ಆಡುತ್ತಿತ್ತು. ಅಯ್ಯನವರ ಪಾದ ಹೊಳಬಸಪ್ಪನ ತಲೆಯ ಮೇಲಕ್ಕೆ ಏಳುತ್ತಿದ್ದಂತೆ ತಾಳದವರಿಬ್ಬರೂ ಅವಳ ಬಾಯಿಯನ್ನೇ ನೋಡುತ್ತ, ಅದು ತೆರೆದಾಗಲೆಲ್ಲ ಇನ್ನಷ್ಟು ಜೋರಾಗಿ ಬಡಿದರು.