ಬೋಣಿಗೆಗೆ ಬಂದ ನೆರಳಿಲ್ಲದವನು

ಭಾನುವಾರ ಸಂಜೆ ನಾಲ್ಕೂ ಹತ್ತಕ್ಕೆ ಫರಹಾನಾ ತನ್ನ ಏಳು ದಾಳಗಳನ್ನು ಬಟ್ಟೆಯ ಚೀಲಕ್ಕೆ ಹಾಕಿ ದಾರ ಬಿಗಿದಳು. ಆಟ ಮುಗಿಯಲು ಇನ್ನೂ ಒಂದು ತಾಸಿತ್ತು.

"ಯಾಕ, ಏನಾತು?" ಎಂದಳು ಶೈಲಾ.

"ಏನೂ ಆಗವಲ್ದು. ಅದಕ್ಕ ಹೊಂಟೇನಿ. ನಮ್ಮ ತಮ್ಮನ ನೆರಳು ಆ ಗಾಜಿನ ಕೋಟ್ಯಾಗ ಸಿಕ್ಕೊಂಡೈತಿ. ನಾವಿಲ್ಲಿ ಸೀರಿ ದಡಿಗೆ ಹಸರು ಛಲೋನೋ ಕೆಂಪು ಛಲೋನೋ ಅಂತ ಮೂರು ವಾರದಿಂದ ಕುಂತೇವಿ. ನನ್ನ ಬಿಲ್ಲಿಗೆ ಜೇಡ ಬಲಿ ಕಟ್ಟೈತಿ."

ಇಳಕಲ್ಲಿನ ಒಂದು ಸೀರೆ ಅಂಗಡಿಯ ಮಹಡಿಯಲ್ಲಿ ಈ ನಾಲ್ವರು ಹದಿನಾಲ್ಕು ತಿಂಗಳಿಂದ ಪ್ರತಿ ಭಾನುವಾರ ಕೂಡುತ್ತಿದ್ದರು. ಹುನಗುಂದದ ಕಾಲೇಜಿನಲ್ಲಿ ಗಣಿತ ಕಲಿಸುವ ಶೈಲಾ ಕಥೆ ನಡೆಸುವವಳು. ಊರು, ಕಾಡು, ಕೋಟೆ, ಶತ್ರು ಎಲ್ಲವೂ ಅವಳ ಕಲ್ಪನೆ. ಉಳಿದ ಮೂವರು ಆ ಕಥೆಯೊಳಗೆ ಒಂದೊಂದು ಪಾತ್ರ. ಅಪಾಯದ ಕೆಲಸಕ್ಕೆ ಕೈ ಹಾಕಿದರೆ ಗೆಲುವು ಸೋಲು ಹೇಳುವುದು ದಾಳ. ಬಾಗಲಕೋಟೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ಫರಹಾನಾ ಬಿಲ್ಲುಗಾರ್ತಿ; ಕಥೆಯಲ್ಲಿ ಅವಳ ತಮ್ಮನ ನೆರಳನ್ನು ಗಾಜಿನ ಕೋಟೆಯ ಮಾಂತ್ರಿಕ ಸೆರೆಹಿಡಿದಿದ್ದ. ಹುನಗುಂದದ ಪಶು ಆಸ್ಪತ್ರೆಯ ಕಂಪೌಂಡರ್ ಮಾಳಿಂಗರಾಯ ಮಂತ್ರವಾದಿ. ಕೆಳಗಿನ ಅಂಗಡಿಯ ಮಾಲೀಕರ ಮಗ ವಿಜಯಮಹಾಂತೇಶ ಕೊಡಲಿವೀರ.

ತೊಂದರೆ ತಂದವನು ಈ ಕೊಡಲಿವೀರ. ಗುಹೆಯೊಂದರಲ್ಲಿ ನಿಧಿ ಸಿಕ್ಕಾಗ ಮಿಕ್ಕವರು ಕವಚ, ಬಾಣ, ಮಂತ್ರದ ಓಲೆ ಕೊಂಡರು. ಅವನು ಕಥೆಯೊಳಗೇ ಒಂದು ಬಟ್ಟೆ ಅಂಗಡಿ ಹಾಕಿದ. ಆಮೇಲೆ ನೂಲಿನ ಮಾತು, ಬಣ್ಣದ ಮಾತು, ಕಥೆಯೊಳಗಿನ ನೇಕಾರರೊಂದಿಗೆ ಚೌಕಾಸಿ. ಕೋಟೆಯ ಮಾತು ಹಿಂದೆ ಬಿತ್ತು.

"ನಂದೂ ಅದ ಹಣೆಬಾರ," ಎಂದ ಮಾಳಿಂಗರಾಯ. "ವಾರೆಲ್ಲಾ ದನದ ದವಾಖಾನಿ. ಇಲ್ಲಿ ಮಂತ್ರವಾದಿ ಆಗೇನಿ ಅಂದ್ರ ಇವನ ಆರು ಕುದುರಿ ಕಾಯಾಕ ಹಚ್ಚ್ಯಾನ."

"ಲೇ, ಕುದುರಿ ಇಲ್ದ ಮಾಲು ಹೆಂಗ ಹೋಗಬೇಕು?" ಎಂದ ವಿಜಯಮಹಾಂತೇಶ. ಅವನಿಗೆ ಅದು ನಿಜವಾದ ಪ್ರಶ್ನೆಯಾಗಿತ್ತು.

ಫರಹಾನಾ ಎದ್ದು ನಿಂತಳು. "ಒಂದೂಮುಕ್ಕಾಲು ತಾಸು ಬಸ್ಸಿನ್ಯಾಗ ನಿಂತು ಬರ್ತೇನಿ. ಸೀರಿ ಅಂಗಡಿ ನೋಡೂದಿದ್ರ ಕೆಳಗ ಖರೇದ ಐತಿ. ಮುಂದಿನ ಆಯಿತವಾರ ಬರ್ತೇನಿ, ಆವತ್ತೂ ಹಿಂಗ ನಡದ್ರ ಅದ ಕಡೀದು."

ಹುನಗುಂದದ ಬಸ್ಸಿನಲ್ಲಿ ಶೈಲಾ ಕಿಟಕಿಯ ಹೊರಗೆ ನೋಡುತ್ತ ಕುಳಿತಳು. ಒಬ್ಬರು ಬಿಟ್ಟರೆ ಆಟ ನಿಲ್ಲುತ್ತದೆ. ವಾರದಲ್ಲಿ ಅವಳಿಗೆ ತನ್ನದೆನ್ನಿಸುವ ಹೊತ್ತು ಇದೊಂದೇ.

"ಅಂಗಡಿಗೆ ಬೆಂಕಿ ಹಚ್ಚಿಬಿಡು," ಎಂದ ಪಕ್ಕದಲ್ಲಿದ್ದ ಮಾಳಿಂಗರಾಯ. "ಒಂದು ಡ್ರ್ಯಾಗನ್ ಬಂತು, ಉಫ್ ಅಂತು, ಮುಗೀತು."

"ಸುಟ್ಟರ ಅಂವ ಬರೂದಿಲ್ಲ."

ಇಬ್ಬರಿಗೂ ಗೊತ್ತಿದ್ದ ಸಂಗತಿ ಅದು. ಕೆಳಗಿನ ಅಂಗಡಿಯಲ್ಲಿ ಯಾವ ನೇಕಾರನಿಗೆ ಯಾವ ಬಣ್ಣ, ಯಾವ ದಡಿ ಎಂದು ನಿರ್ಧರಿಸುವವರು ತಂದೆ ಅಮಾತೆಪ್ಪ. ಮೂವತ್ತನಾಲ್ಕು ವರ್ಷದ ವಿಜಯಮಹಾಂತೇಶ ಇಂದಿಗೂ ಒಂದು ಸೀರೆಯ ದಡಿಯನ್ನು ತಾನಾಗಿ ಆರಿಸಿದವನಲ್ಲ. ಅವನದೇ ಆದ ಅಂಗಡಿ ಇರುವುದು ಮಹಡಿಯ ಮೇಲೆ ಮಾತ್ರ.

ಸೋಮವಾರ, ಮಂಗಳವಾರ ಶೈಲಾ ಆಟದೊಳಗಿನ ಅಂಗಡಿಯ ಲೆಕ್ಕ ಬೇಗ ಮುಗಿಸಲು ಕೋಷ್ಟಕವೊಂದನ್ನು ಮಾಡಿದಳು. ಬುಧವಾರ ಅದನ್ನು ಒಬ್ಬಳೇ ಆಡಿ ನೋಡಿದಳು. ನಲವತ್ತು ನಿಮಿಷ ಹಿಡಿಯಿತು. ಹರಿದು ಹಾಕಿದಳು.

ಗುರುವಾರ ಕಾಲೇಜಿಗೆ ರಜೆ. ಅತ್ತಿಗೆಗೊಂದು ಸೀರೆ ಬೇಕಾಗಿತ್ತು. ಒಂಬತ್ತೂವರೆಗೆ ಅವಳು ಇಳಕಲ್ಲಿನ ಅಂಗಡಿಯಲ್ಲಿದ್ದಳು. ಅವಳಿಗಿಂತ ಮೊದಲೇ ಸೋಮವ್ವ ಎಂಬ ಮುದುಕಿ ಬಂದು ಕುಪ್ಪಸದ ಖಣವೊಂದನ್ನು ಹಿಡಿದು ಕುಳಿತಿದ್ದಳು. ಅವಳು ಕೇಳಿದ ದರಕ್ಕೆ ವಿಜಯಮಹಾಂತೇಶ ಒಪ್ಪಲಿಲ್ಲ.

"ಬರೂದಿಲ್ರಿ ಯವ್ವಾ, ಕೊಂಡಿದ್ದ ಅದಕ್ಕಿಂತ ಹೆಚ್ಚೈತಿ."

"ಆತು ಬಿಡಪಾ. ಮುಂದಿನ ಅಂಗಡ್ಯಾಗ ನನ್ನ ಮಾರಿ ನೋಡಿ ಕೊಡ್ತಾರ." ಸೋಮವ್ವ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು.

ಒಳಗಿನಿಂದ ಅಮಾತೆಪ್ಪ ಕೆಮ್ಮಿದರು.

"ಬರ್ರಿ, ಬರ್ರಿ! ಬೋಣಿಗಿ ಹೊತ್ತಿನ್ಯಾಗ ಹೊಳ್ಳಿ ಹೋಗಬ್ಯಾಡ್ರಿ!" ವಿಜಯಮಹಾಂತೇಶ ಅವಳು ಕೇಳಿದ ದರಕ್ಕೇ ಖಣ ಕೊಟ್ಟು, ನೋಟನ್ನು ಕಣ್ಣಿಗೊತ್ತಿಕೊಂಡ. ದಿನದ ಮೊದಲ ಗಿರಾಕಿಯನ್ನು ಬರಿಗೈಲಿ ಕಳಿಸುವ ಅಂಗಡಿ ಆ ಸಾಲಿನಲ್ಲಿ ಇರಲಿಲ್ಲ.

"ನನಗೂ ಹಂಗ ಕೊಡು," ಎಂದಳು ಶೈಲಾ.

"ನಿಮಗ್ಯಾಕ್ರಿ ಮೇಡಂ? ನೀವು ಎರಡನೇ ಗಿರಾಕಿ." ಅಪ್ಪನ ಎದುರು ಅವನು ಗೆಳತಿಯನ್ನು ಬಹುವಚನದಲ್ಲೇ ಮಾತನಾಡಿಸುತ್ತಿದ್ದ.

"ಬೋಣಿಗಿಗೆ ಕಳ್ಳ ಬಂದ್ರ?"

"ಕಳ್ಳಗೂ ಕೊಡೂದ. ಆಮ್ಯಾಲ ಪೊಲೀಸರಿಗೆ ಫೋನ್ ಹಚ್ಚೂದು."

ಶೈಲಾ ಚಿಕ್ಕಿ ಪರಾಸ್ ದಡಿಯ ಸೀರೆ ಕೊಂಡಳು. ಬಸ್ಸಿನಲ್ಲಿ ಟಿಕೆಟಿನ ಹಿಂದೆ ಎರಡು ಸಾಲು ಬರೆದುಕೊಂಡಳು.

ಭಾನುವಾರ ಮಧ್ಯಾಹ್ನ ಎರಡಕ್ಕೆ ಫರಹಾನಾ ಬಂದು ಕುಳಿತಳು. ದಾಳದ ಚೀಲದ ದಾರ ಬಿಚ್ಚಲಿಲ್ಲ.

"ಹೊಸ ಕಾಯದೆ," ಎಂದಳು ಶೈಲಾ. "ಅಂಗಡಿಯ ಇಡೀ ವಾರದ ವ್ಯಾಪಾರಕ್ಕ ಒಂದ ದಾಳ. ಬೋಣಿಗಿ ಗಿರಾಕಿ ಒಬ್ಬನ್ನ ಮಾತ್ರ ಇಲ್ಲಿ ಆಡೂದು."

"ಬಣ್ಣ? ದಡಿ?" ವಿಜಯಮಹಾಂತೇಶನ ಮುಖ ಸಣ್ಣದಾಯಿತು.

"ಮನ್ಯಾಗ ಬರಕೊಂಡು ಬಾ. ನೀ ಏನು ಬರೀತಿ ಅದ ಖರೆ. ಯಾರೂ ಯಾಕ ಅಂತ ಕೇಳಂಗಿಲ್ಲ, ನಾನೂ ಕೇಳಂಗಿಲ್ಲ."

ಅವನು ತಲೆಯಾಡಿಸಿದ. ಇಪ್ಪತ್ತು ಮುಖದ ದಾಳ ಉರುಳಿಸಿದ. ಹದಿನೇಳು. ವಾರ ಚೆನ್ನಾಗಿ ನಡೆದಿತ್ತು. ಅಂಗಡಿಯ ಕೆಲಸ ಅರ್ಧ ನಿಮಿಷದಲ್ಲಿ ಮುಗಿಯಿತು.

"ಬೆಳಿಗ್ಗೆ ಬಾಗಲಾ ತಗದಿ," ಎಂದು ಶೈಲಾ ಕಥೆ ಶುರು ಮಾಡಿದಳು. "ಮೊದಲನೇ ಗಿರಾಕಿ ಮೆಟ್ಟಲ ಹತ್ತಾಕತ್ತಾನ. ಸೂರ್ಯ ಅವನ ಬೆನ್ನಿಗಿ ಅದಾನ. ಆದ್ರ ನಿನ್ನ ಹೊಸ್ತಲಾ ಮ್ಯಾಲ ಅವನ ನೆರಳು ಬೀಳವಲ್ದು."

ಫರಹಾನಾ ಮುಂದೆ ಬಾಗಿದಳು.

"ಹತ್ತು ಮೊಳ ಕರಿ ಬಟ್ಟಿ ಬೇಕಂತಾನ. ಇವತ್ತ ರಾತ್ರಿಯೊಳಗ ಗಾಜಿನ ಕೋಟಿಗೆ ಮುಟ್ಟಬೇಕಂತ."

"ಕೊಡಬ್ಯಾಡ!" ಫರಹಾನಾ ಮೇಜು ಗುದ್ದಿದಳು. "ಅಂವ ಆ ಕೋಟಿ ಮಾಂತ್ರಿಕನ ಆಳು. ಹೊರಗ ಹಾಕು ಅವನ್ನ!"

ಹೊರಗೆ ಹಾಕಬಹುದಿತ್ತು. ಕೊಡಲಿ ಗೋಡೆಯ ಮೇಲೇ ತೂಗುತ್ತಿತ್ತು. ಕಾದಾಟ ನಡೆದರೆ ಇರಲಿ ಎಂದು ಶೈಲಾ ಎರಡು ಪುಟ ಬರೆದಿಟ್ಟುಕೊಂಡಿದ್ದಳು. ವಿಜಯಮಹಾಂತೇಶ ದಾಳ ಕೈಗೆತ್ತಿಕೊಂಡ, ಕೆಳಗಿಟ್ಟ, ಮತ್ತೆ ಎತ್ತಿಕೊಂಡ.

"ಬೋಣಿಗಿ, ಯವ್ವಾ," ಎಂದ ಕೊನೆಗೆ. "ಹೊಳ್ಳಿ ಹೆಂಗ ಕಳಸ್ಲಿ?"

"ಇದು ಆಟ ಲೇ!" ಎಂದ ಮಾಳಿಂಗರಾಯ.

"ಆಟ ಇದ್ರೂ ಅಂಗಡಿ ನಂದ ಅಲ್ಲೇನು? ಹತ್ತು ಮೊಳ ಹರದು ಕೊಟ್ಟೆ. ಮಾಲು ನಾವ ಮುಟ್ಟಸ್ತೇವಿ ಅಂದೆ."

ಮಾಳಿಂಗರಾಯ ನಗು ತಡೆಯಲಾರದೆ ಮೇಜಿನ ಮೇಲೆ ತಲೆಯಿಟ್ಟ. ಫರಹಾನಾ ನಗಲಿಲ್ಲ. ಅವಳು ಶೈಲಾಳ ಕಡೆ ನೋಡುತ್ತಿದ್ದಳು.

"ಮಾಲು ತರೋರಿಗೆ ಕೋಟಿ ಬಾಗಲಾ ತಗೀತಾರೇನು?"

"ತಗೀತಾರ," ಎಂದಳು ಶೈಲಾ.

"ಕರಿ ಬಟ್ಟಿ ಗಂಟಿನ್ಯಾಗ ಬಿಲ್ಲು ಹಿಡಿಸ್ತೈತಿ?"

"ಹತ್ತು ಮೊಳ ಐತಿ," ಎಂದ ವಿಜಯಮಹಾಂತೇಶ, ಮಾರುವವನ ಗತ್ತಿನಲ್ಲಿ. "ಬಿಲ್ಲು, ಬಾಣ, ಬೇಕಂದ್ರ ನೀನೂ ಹಿಡಸ್ತಿ."

"ಕುದುರಿ ಹೂಡು, ಮಾಳಿಂಗರಾಯ," ಎಂದು ಫರಹಾನಾ ದಾಳದ ಚೀಲದ ದಾರ ಬಿಚ್ಚಿದಳು.

ಆವತ್ತು ಆಟ ಆರೂ ಇಪ್ಪತ್ತಕ್ಕೆ ಮುಗಿಯಿತು. ಫರಹಾನಾಳ ಐದೂವರೆಯ ಬಾಗಲಕೋಟೆ ಬಸ್ಸು ತಪ್ಪಿತ್ತು. ಅವಳು ಏಳರ ಬಸ್ಸಿಗೆ ಹೋದಳು.