ಓದು ನಿಲ್ಲಿಸುವ ಶಿವನಂಜಮ್ಮ

ಕಾದಂಬರಿಯಲ್ಲಿ ದೆವ್ವ ಬಂದರೆ ಶಿವನಂಜಮ್ಮನವರ ದನಿ ನಡುಗುತ್ತಿರಲಿಲ್ಲ. ಮನೆಗೆಲಸದ ಹೆಂಗಸು ಬಂದರೆ ಮಾತ್ರ ಓದು ನಿಂತುಬಿಡುತ್ತಿತ್ತು. ಕಟ್ಟೆಮಳಲವಾಡಿಯ ಷಣ್ಮುಖಪ್ಪನವರ ಮನೆಯ, ಸೊಪ್ಪು ಒಣಗಿಸುವ ಬ್ಯಾರನ್ನಿನ ಮುಂದೆ ಹೆಂಗಸರು ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರೆ, ಹುಣಸೂರಿನ ಬಾಡಿಗೆ ಪುಸ್ತಕದಂಗಡಿಯಿಂದ ತಂದ ಭಯಾನಕ ಕಾದಂಬರಿಯನ್ನು ಅವರು ಓದಿ ಹೇಳುತ್ತಿದ್ದರು. ಓದುವವಳ ಪಾಲಿನ ಸೊಪ್ಪನ್ನು ಉಳಿದವರು ಕಟ್ಟುವುದು ಅಲ್ಲಿನ ವಾಡಿಕೆ. ಓದಲು ಕೂರುವ ಮುಂಚೆ ಕೈಗೆ ಮೆತ್ತಿದ ಸೊಪ್ಪಿನ ಅಂಟು ತಾಗದಂತೆ ಸೆರಗಿನಲ್ಲಿ ಹಾಳೆ ಮಗುಚಿ, ಜಾರಿದ ಕನ್ನಡಕದ ಮೇಲಿಂದ ನೋಡಿ, "ಇವಳ ಎಸ್ರೇನ್ರೇ?" ಎನ್ನುವರು. ಪುಸ್ತಕದಲ್ಲಿ ಹೆಸರಿರುತ್ತಿರಲಿಲ್ಲ. ತಾವೇ ಒಂದು ಇಟ್ಟು ಮುಂದಕ್ಕೆ ಹೋಗುವರು.

"ಅಕ್ಕಾ, ದೆವ್ವ ಬಾಗ್ಲಲ್ಲೇ ನಿಂತದೆ. ಮೊದ್ಲು ಅದುನ್ನ ಒಳಕ್ಕೆ ಕರ್ಕೊಳಿ!" ಎಂದು ಪಕ್ಕದಲ್ಲಿ ಸೊಪ್ಪು ಕಟ್ಟುವ ಮರಮ್ಮ ರೇಗಿಸುತ್ತಿದ್ದಳು.

ಆ ದಿನದ ಕಥೆಯಲ್ಲಿ ಹಳೇ ಬಂಗಲೆ, ಬೀಗ ಬಿದ್ದ ಕೋಣೆ. ಆ ಬಾಗಿಲಿಗೆ ತಟ್ಟೆ ಒಯ್ಯುವ ಒಬ್ಬಳು ಬಂದಷ್ಟೇ ಬೇಗ ಮರೆಯಾದಳು. ಶಿವನಂಜಮ್ಮ ಪುಸ್ತಕ ಮಡಚಿದರು.

"ಒಳಗಿರೋದು ಯಾರು ಅಂತ ಈ ಕಥೆ ಪೊಲೀಸ್ನೋರು ಊರೆಲ್ಲ ಕೇಳ್ತಾವ್ರೆ. ತಟ್ಟೆ ತಕಂಡೋಗೋಳ್ನ ಯಾಕ್ ಕೇಳ್ನಿಲ್ಲ?"

ಷಣ್ಮುಖಪ್ಪನವರ ಮನೆಯಲ್ಲಿ ಪಾತ್ರೆ ತೊಳೆಯುವ, ಬಿಡುವಾದಾಗ ಇಲ್ಲಿ ಸೊಪ್ಪು ಕಟ್ಟುವ ಚಿಕ್ಕಮಾದಮ್ಮನ ಬೆರಳಲ್ಲಿ ದಾರ ಸಿಕ್ಕಾಯಿತು. ಬಾಯಿ ಬಿಟ್ಟರೆ ಅನ್ನ ಹೋಗುತ್ತದೆ. ಆದರೆ ಯಾರೂ ಕೇಳದ ಪ್ರಶ್ನೆಯನ್ನು ಕೊನೆಗೂ ತನ್ನನ್ನೇ ಕೇಳಿದಂತಾಗಿತ್ತು.

"ಕೇಳಿದ್ರೆ ಯೋಳೋಳು ಕಣಕ್ಕಾ," ಎಂದಳು. "ಯಜಮಾನ್ರ ಸೊಸೆ ಭದ್ರಮ್ಮೋರು ತವ್ರಿಗೋಗವ್ರೆ ಅನ್ನೋದು ಸುಳ್ಳು. ಗಾಳಿ ಇಡ್ದದೆ ಅಂತ ಹಿಂದ್ಲ ಕೋಣೇಲಿ ಕೂಡಾಕವ್ರೆ. ಯುಗಾದಿಯಿಂದ ನಾನೇ ಕಿಟಕೀಲಿ ಅನ್ನ ಕೊಡ್ತಿವ್ನಿ."

ಮರಮ್ಮನ ಕೈಯ ಕಡ್ಡಿ ಕೆಳಕ್ಕೆ ಬಿತ್ತು. ಆ ಕೋಣೆಯ ಗೋಡೆ ಅಲ್ಲಿಂದಲೇ ಕಾಣುತ್ತಿತ್ತು. ದೆವ್ವದ ಕಥೆಗೆ ನಗುತ್ತಿದ್ದವರೆಲ್ಲ ಅತ್ತ ತಿರುಗಿದರು.

ಶಿವನಂಜಮ್ಮ ಎದ್ದರು. ಹೆಂಗಸರು ಸೊಪ್ಪಿನ ರಾಶಿಯನ್ನು ಹಾಗೇ ಬಿಟ್ಟು ಹಿಂದೆ ನಡೆದರು. ಅಂಗಳದಲ್ಲಿ ಷಣ್ಮುಖಪ್ಪ ಅಡ್ಡ ನಿಂತರು.

"ನಮ್ಮನೆ ಇಚಾರ. ನಿಮಗ್ಯಾಕ್ರಮ್ಮಾ?"

"ನಿಮ್ಮನೆ ಸೊಪ್ಪು ಕಟ್ಟೋರು ನಾವಲ್ವಾ ಸ್ವಾಮಿ? ಬೀಗ ತೆಗೀರಿ, ಆಮೇಲ್ ಕಟ್ತೀವಿ," ಎಂದರು ಶಿವನಂಜಮ್ಮ.

ಕೊಯ್ದ ಸೊಪ್ಪು ಸಂಜೆಯೊಳಗೆ ಬ್ಯಾರನ್ನಿಗೆ ಏರದಿದ್ದರೆ ಕೆಟ್ಟುಹೋಗುತ್ತದೆ. ಷಣ್ಮುಖಪ್ಪ ಒಮ್ಮೆ ರಾಶಿಯನ್ನು, ಒಮ್ಮೆ ಹೆಂಗಸರನ್ನು ನೋಡಿ, ಸೊಂಟದಿಂದ ಬೀಗದ ಕೈ ಬಿಚ್ಚಿದರು. ಬೆಳಕಿಗೆ ಕಣ್ಣು ಬಿಡಲಾರದೆ ಹೊರಬಂದ ಭದ್ರಮ್ಮ ಗಾಳಿಯಲ್ಲಿ ಕೈಯಾಡಿಸಿ, ಚಿಕ್ಕಮಾದಮ್ಮನ ತೋಳನ್ನು ತಡಕಿ ಹಿಡಿದುಕೊಂಡಳು.

ಭಯಾನಕ ಕಥೆ ಓದುವವರಿಗೇನೂ ಬರವಿಲ್ಲ. ಅವರ ಕಣ್ಣೆಲ್ಲ ದೆವ್ವದ ಮೇಲೆ, ಇಲ್ಲವೇ ಬಂಗಲೆಯ ಒಡೆಯನ ಮೇಲೆ. ಕಥೆಗಾರನೇ ಲಕ್ಷ್ಯ ಕೊಡದೆ ದಾಟಿಹೋದವಳನ್ನು ತಡೆದು ಮಾತಾಡಿಸುವವರು ವಿರಳ. ಅಂಥವರು ಊರಿಗೊಬ್ಬರಿದ್ದರೂ ಸಾಕು, ಕಥೆ ಬರೆಯುವವರೂ ಬೀಗ ಹಾಕುವವರೂ ಒಂದಿಷ್ಟು ಹೆದರಿಕೊಂಡೇ ಬಾಳಬೇಕಾಗುತ್ತದೆ.