ಮಖಮಲ್ಲಿನ ಹೃದಯ

ತನ್ನ ಹತ್ತಿರ ಹೇಳಿಕೊಳ್ಳಲು ದುಃಖಗಳು ಮುಗಿದುಹೋಗಿವೆ ಎಂಬುದು ಶ್ರೀಜಾಳ ಆ ವಾರದ ಚಿಂತೆ. ಯಾರ ಮುಂದೆಯಾದರೂ ಹೇಳಿದರೆ ನಗುತ್ತಾರೆ. ಹಾಗಾಗಿ ಡೈರಿಯಲ್ಲಿ ಬರೆದುಕೊಂಡಳು: 'ಸೋಮವಾರಕ್ಕೆ ಏನೂ ಇಲ್ಲ. ಅಜ್ಜಿ ಸತ್ತದ್ದು ಆಯಿತು, ಕತ್ತಲೆಯ ಹೆದರಿಕೆ ಆಯಿತು, ನಾಲ್ಕು ಜನರ ಎದುರು ಬಾಯಿ ಒಣಗುವುದೂ ಆಯಿತು. ಹೊಸದೊಂದು ದುಃಖ ಹುಟ್ಟಿಸಬೇಕು.' ಬರೆದದ್ದನ್ನು ಓದಿದಾಗ ತನ್ನ ಮೇಲೆಯೇ ಹೇಸಿಗೆಯಾಗಿ ಪುಟ ಮಗುಚಿದಳು.

ನಾಸಿಕದ ಅಂಬಡ್‌ನಲ್ಲಿ ವಿದ್ಯುತ್ ಸ್ವಿಚ್ಚುಗಳಿಗೆ ತಗಡಿನ ಪೆಟ್ಟಿಗೆ ಮಾಡುವ ಕಾರ್ಖಾನೆಯೊಂದಿದೆ. ಶ್ರೀಜಾ ಎಂ.ಎ. ಮುಗಿಸಿ ಅಲ್ಲಿಯ ಸಿಬ್ಬಂದಿ ವಿಭಾಗಕ್ಕೆ ಸೇರಿ ಒಂದು ವರ್ಷವಾಗಿತ್ತು. ಸೋಮವಾರ ಬೆಳಿಗ್ಗೆ ಯಂತ್ರಗಳು ಶುರುವಾಗುವ ಮೊದಲು ಅಲ್ಲಿ 'ಹೃದಯ ವರ್ತುಲ' ನಡೆಯುತ್ತಿತ್ತು. ಕೆಲಸಗಾರರೂ ಮೇಲಿನವರೂ ಸುತ್ತುಗಟ್ಟಿ ನಿಲ್ಲಬೇಕು. ಹೃದಯದ ಆಕಾರದ ಮಖಮಲ್ಲಿನ ದಿಂಬೊಂದು ಕೈಯಿಂದ ಕೈಗೆ ಹೋಗಬೇಕು. ದಿಂಬು ಯಾರ ಕೈಯಲ್ಲಿದೆಯೋ ಅವರು ತಮ್ಮ ಒಂದು ಭಯವನ್ನೋ ನೋವನ್ನೋ ಹೇಳಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು. ತಂದ ದಿನ ದಿಂಬು ಕೆಂಪಗಿದ್ದದ್ದು ನಿಜ. ಈಗ ಯಂತ್ರದ ಎಣ್ಣೆ, ಅಂಗೈ ಬೆವರು, ಗುಟ್ಕಾ ಉಜ್ಜಿದ ಬೆರಳು, ಅತ್ತವರ ಮೂಗು ಎಲ್ಲ ಸೇರಿ ಅದರ ಅಂಚು ಕಪ್ಪಗೆ ಜಿಡ್ಡುಗಟ್ಟಿತ್ತು. ಯಾರದೋ ಒಂದು ಉದ್ದ ಕೂದಲು ಅದಕ್ಕೆ ಅಂಟಿಕೊಂಡು ವಾರಗಟ್ಟಲೆ ಎಲ್ಲರ ಕೈ ಸುತ್ತಿತು. ದಿಂಬು ಕೈಗೆ ಬಂದಾಗ ಬೆಚ್ಚಗಿರುತ್ತಿತ್ತು, ಯಾರೋ ಈಗಷ್ಟೇ ಎದ್ದುಹೋದ ಬಸ್ಸಿನ ಸೀಟಿನ ಹಾಗೆ. ಶ್ರೀಜಾ ಅದನ್ನು ಬೆರಳ ತುದಿಯಲ್ಲಿ ಹಿಡಿದು, ಹೇಳುವುದನ್ನು ಹೇಳಿ, ವರ್ತುಲ ಮುಗಿದದ್ದೇ ನಲ್ಲಿಯ ಕಡೆ ಓಡುತ್ತಿದ್ದಳು.

ಇದನ್ನು ತಂದವನು ಕಾರ್ಖಾನೆಯ ಮುಖ್ಯಸ್ಥ ದಿಗಂತ್. ಅವನ ತಂದೆ ಧಾರವಾಡ ಕಡೆಯವರು, ಓಝರ್‌ನ ವಿಮಾನ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಅವನು ಇಲ್ಲೇ ಹುಟ್ಟಿ ಬೆಳೆದವನಾದ್ದರಿಂದ ಕನ್ನಡ ಪೂರಾ ತಿಳಿಯುತ್ತಿತ್ತು, ಆಡಲು ಹೋದರೆ ಅರ್ಧ ಮರಾಠಿಯಾಗುತ್ತಿತ್ತು. ಯಾವುದೋ ತರಬೇತಿಗೆ ಹೋಗಿಬಂದ ಮೇಲೆ ಅವನು ಬಾಗಿಲು ಮುಚ್ಚಿ ಬೈಯುವುದನ್ನು ಬಿಟ್ಟು, ಬಾಗಿಲು ತೆರೆದಿಟ್ಟು ಹೆಗಲ ಮೇಲೆ ಕೈಯಿಡುವುದನ್ನು ರೂಢಿಸಿಕೊಂಡಿದ್ದ. ಇಟ್ಟ ಕೈಯನ್ನು ಬೇಗ ತೆಗೆಯುತ್ತಿರಲಿಲ್ಲ. ಅವನ ಅತ್ತರಿನ ವಾಸನೆ ಊಟದ ಡಬ್ಬಿಯೊಳಕ್ಕೂ ಇಳಿದು, ಮಧ್ಯಾಹ್ನದ ಮೊಸರನ್ನವನ್ನು ಶ್ರೀಜಾ ಎಷ್ಟೋ ಸಲ ಚೆಲ್ಲಿದ್ದಳು.

ಅದಕ್ಕಿಂತ ಹೇಸಿಗೆ ಹುಟ್ಟಿಸುತ್ತಿದ್ದದ್ದು ಅವನ ನೆನಪಿನ ಶಕ್ತಿ. ವರ್ತುಲದಲ್ಲಿ ಕೇಳಿದ ಒಂದನ್ನೂ ಅವನು ಮರೆಯುತ್ತಿರಲಿಲ್ಲ. ಯಂತ್ರಗಳ ದುರಸ್ತಿ ನೋಡುವ ಎಂಜಿನಿಯರ್ ನಚಿಕೇತ ಒಮ್ಮೆ ದಿಂಬು ಹಿಡಿದು, ತನ್ನ ತಂದೆ ಕುಡಿದು ಮನೆ ಹಾಳು ಮಾಡಿದ್ದನ್ನು ಹೇಳಿ ಕಣ್ಣೊರೆಸಿಕೊಂಡಿದ್ದ. ಮುಂದಿನ ತಿಂಗಳು ತಂಗಿಯ ಮದುವೆಗೆ ರಜೆ ಕೇಳಿದಾಗ ದಿಗಂತ್ ಎಲ್ಲರೆದುರು ಅವನ ಬೆನ್ನು ಸವರಿ, ಮದುವೆಮನೆಯಲ್ಲಿ ಜೋಪಾನ, ರಕ್ತದಲ್ಲಿರುವುದು ಎಲ್ಲಿಗೂ ಹೋಗುವುದಿಲ್ಲ ಎಂದು ನಕ್ಕ. ಅಂದಿನಿಂದ ನಚಿಕೇತ ಅವನು ಹೇಳಿದ್ದಕ್ಕೆಲ್ಲ ಹೂಂ ಎನ್ನುವವನಾದ. ಹೂಂ ಎಂದವುಗಳಲ್ಲಿ ಮೂರನೇ ಪ್ರೆಸ್ಸಿನ ತಂತಿಯೂ ಒಂದು.

ತಗಡು ಒತ್ತುವ ಆ ಪ್ರೆಸ್ಸಿಗೆ ಜಾಲರಿಯ ಬಾಗಿಲೊಂದಿದೆ. ಬಾಗಿಲು ಮುಚ್ಚಿದರೆ ಮಾತ್ರ ಯಂತ್ರ ತಗಡಿನ ಮೇಲೆ ಬಡಿಯಬೇಕು. ತೆರೆದು ಒಳಗೆ ಕೈಹಾಕಿದರೆ ತಾನಾಗಿ ನಿಲ್ಲಬೇಕು. ಪ್ರತಿ ತಗಡಿಗೂ ಬಾಗಿಲು ತೆರೆದು ಮುಚ್ಚಿ ಮಾಡುವುದರಲ್ಲಿ ಮಾಲು ನಿಧಾನವಾಗುತ್ತದೆಂದು, ಬಾಗಿಲ ಸ್ವಿಚ್ಚನ್ನು ಒತ್ತಿಹಿಡಿದು ದಿಗಂತ್ ನಚಿಕೇತನ ಕೈಯಲ್ಲಿ ತಂತಿಯಿಂದ ಕಟ್ಟಿಸಿದ್ದ. ಬಾಗಿಲು ಹಾ ಎಂದು ತೆರೆದಿದ್ದರೂ ಯಂತ್ರ ಅದನ್ನು ಮುಚ್ಚಿದೆಯೆಂದೇ ತಿಳಿದು ಬಡಿಯುತ್ತಿತ್ತು. ಇದು ಎಲ್ಲರಿಗೂ ಗೊತ್ತಿತ್ತು. ಯಾರೂ ಆಡುತ್ತಿರಲಿಲ್ಲ.

ಆ ಪ್ರೆಸ್ಸಿನ ಮುಂದೆ ಕೂತು ಕೆಲಸ ಮಾಡುತ್ತಿದ್ದವಳು ವಿಜಯಪುರದ ಕಡೆಯ ಭಾಗವ್ವ. ದಿಂಬು ಕೈಗೆ ಬಂದಾಗಲೆಲ್ಲ ಅವಳು "ಎಲ್ಲಾ ಆರಾಮ್ರಿ" ಎಂದು ಬಿಸಿ ಕೆಂಡದ ಹಾಗೆ ಪಕ್ಕದವರಿಗೆ ದಾಟಿಸುತ್ತಿದ್ದಳು. ಇದು ದಿಗಂತನಿಗೆ ಸರಿಬರಲಿಲ್ಲ. ನಮ್ಮ ಭಾಷೆಯವಳಲ್ಲವೇ, ನೀನು ಮನಸ್ಸು ಮಾಡಿದರೆ ಬಾಯಿ ಬಿಡುತ್ತಾಳೆ ಎಂದು ಶ್ರೀಜಾಳನ್ನು ಹಚ್ಚಿದ. ಅವಳು ಒಂದು ಭಾನುವಾರ ಭಾಗವ್ವನ ಬಾಡಿಗೆ ಕೋಣೆಗೆ ಹೋದಳು. ರೊಟ್ಟಿ, ಶೇಂಗಾ ಚಟ್ನಿ ತಿಂದಳು. ಮನಸ್ಸಿನಲ್ಲಿರುವುದನ್ನು ಕನ್ನಡದಲ್ಲೇ ಹೇಳು, ನಾನು ಮರಾಠಿ ಮಾಡಿ ಹೇಳುತ್ತೇನೆ, ಏನೂ ಆಗುವುದಿಲ್ಲ ಎಂದಳು. ಭಾಗವ್ವ ಅವಳನ್ನು ಅಕ್ಕಾರ ಎಂದು ಕರೆಯುತ್ತಿದ್ದಳು, ವಯಸ್ಸಿನಲ್ಲಿ ತಾನೇ ದೊಡ್ಡವಳಾದರೂ. ಖರೇನಾ ಅಕ್ಕಾರ ಎಂದು ಕೇಳಿದಳು. ಖರೇ ಎಂದಳು ಶ್ರೀಜಾ.

ಮರುದಿನ ಭಾಗವ್ವ ದಿಂಬನ್ನು ಎದೆಗವಚಿ ಹಿಡಿದು ಹೇಳಿದಳು: "ನಂಗ ಆ ಮಷೀನಿನ ಅಂಜಿಕಿ ಅದರಿ. ಬಾಗಲಾ ತೆರದಿದ್ರೂ ಬಡೀತದ. ನಿದ್ದಿಗಣ್ಣಾಗ ನನ್ನ ಬೆರಳು ನಾನ ಮುಟ್ಟಿ ಮುಟ್ಟಿ ನೋಡ್ಕೋತೀನ್ರಿ."

ಶ್ರೀಜಾ ಒಂದು ಮಾತೂ ಬಿಡದೆ ಮರಾಠಿಯಲ್ಲಿ ಹೇಳಿದಳು. ನಚಿಕೇತ ತನ್ನ ಬೂಟು ನೋಡಿಕೊಂಡ. ದಿಗಂತನ ಕಣ್ಣಲ್ಲಿ ನೀರು ಬಂತು. ಕಣ್ಣೀರು ಸುಳ್ಳಲ್ಲ, ಅದೇ ಹೆಚ್ಚು ಅಸಹ್ಯ. ಅವನು ನಡುವೆ ಬಂದು ಭಾಗವ್ವನ ಎರಡೂ ಕೈ ಹಿಡಿದು, ಇಷ್ಟು ಧೈರ್ಯದ ಮಾತನ್ನು ತಾನು ಈ ಕಾರ್ಖಾನೆಯಲ್ಲಿ ಕೇಳಿಯೇ ಇಲ್ಲ ಎಂದ. ಇಲ್ಲಿ ಯಂತ್ರದ ಮಾತು ಬೇಡ, ಮನಸ್ಸಿನ ಮಾತಷ್ಟೇ ಸಾಕು ಎಂದ. ಯಂತ್ರ ಎಲ್ಲರಿಗೂ ಒಂದೇ, ಭಯ ಮಾತ್ರ ಅವಳೊಳಗಿದೆ, ನಾವೆಲ್ಲ ಸೇರಿ ಆ ಭಯವನ್ನು ಕರಗಿಸೋಣ ಎಂದ. ಎಲ್ಲರಿಂದ ಕಣ್ಣು ಮುಚ್ಚಿಸಿ ದೀರ್ಘವಾಗಿ ಉಸಿರು ಎಳೆಸಿದ. ಚಪ್ಪಾಳೆಯಾಯಿತು. ಆಚೆ ಯಂತ್ರಗಳು ಶುರುವಾದವು.

ಆ ವಾರವೇ ಭಾಗವ್ವನನ್ನು ಅವಳ ಒಳ್ಳೆಯದಕ್ಕೆಂದು ಪ್ರೆಸ್ಸಿನಿಂದ ಎಬ್ಬಿಸಿ, ಹಿತ್ತಲಲ್ಲಿ ತಗಡಿನ ಚೂರು ಆರಿಸಲು ಬಿಸಿಲಿಗೆ ಹಾಕಿದರು. ಅವಳ ಜಾಗದಲ್ಲಿ ಅವಳ ತಂಗಿಯ ಮಗಳು, ಊರಿಂದ ಹೊಸದಾಗಿ ಬಂದ ಲಕ್ಷ್ಮವ್ವನನ್ನು ಕೂರಿಸಿದರು. ಹುಡುಗಿಗೆ ಇನ್ನೂ ಭಯ ಗೊತ್ತಿರಲಿಲ್ಲ, ಕೈ ಚುರುಕಾಗಿತ್ತು. ತಂತಿ ಇದ್ದಲ್ಲೇ ಇತ್ತು. ಭಾಗವ್ವ ಶ್ರೀಜಾಳಿಗೆ ಎದುರಾದಾಗ ಸರಿದು ನಿಂತು, ನಮಸ್ಕಾರ ಮೇಡಂ ಎಂದಳು.

ಶ್ರೀಜಾ ಆ ಶನಿವಾರ ನಾಸಿಕದಲ್ಲಿ ಅಪ್ಪನ ಹೋಟೆಲಿನ ಮೂಲೆಯ ಮೇಜಿನ ಹತ್ತಿರ ತಿಂಡಿಯ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು. ಅಪ್ಪ ಭುಜಂಗ ಉಡುಪಿ ಕಡೆಯಿಂದ ಬಂದು ಈ ಸಸ್ಯಾಹಾರಿ ಹೋಟೆಲು ಕಟ್ಟಿದವರು. ಬಾಯಿ ಅಂದರೆ ಬಾಯಿ. ಒದ್ದೆ ಟವೆಲಿಗೂ ಬೈಗುಳ, ನೀರಾದ ಚಟ್ನಿಗೂ ಬೈಗುಳ, ತಿರುಗದ ಫ್ಯಾನಿಗೂ ಬೈಗುಳ. ಅಷ್ಟರಲ್ಲಿ ಒಳಗಿಂದ ಅಡುಗೆಯ ಮನೋಜ ಕೂಗಿದ, ಹಾಲಿಗೆ ಏನೋ ಬಿತ್ತು, ನಾನು ಮುಚ್ಚಿರಲಿಲ್ಲ ಎಂದು. ಅಪ್ಪ ಗಲ್ಲಾಪೆಟ್ಟಿಗೆಯಿಂದ ತಲೆಯನ್ನೂ ಎತ್ತದೆ, ಚೆಲ್ಲಿ ಬೇರೆ ಇಡು ಎಂದರು. ಅಷ್ಟೇ. ಬೈಗುಳ ಇಲ್ಲ.

ಶ್ರೀಜಾ ಇದನ್ನು ಚಿಕ್ಕಂದಿನಿಂದ ನೋಡಿದ್ದರೂ ಕೇಳಿರಲಿಲ್ಲ. ಈಗ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಅಮ್ಮ ಹರಿಣಾಕ್ಷಿಯನ್ನು, ಇದಕ್ಕೆ ಮಾತ್ರ ಅಪ್ಪ ಯಾಕೆ ಬೈಯುವುದಿಲ್ಲ ಎಂದು ಕೇಳಿದಳು.

"ನಿನ್ನ ಅಪ್ಪಯ್ಯನಿಗೆ ಬುದ್ಧಿ ಕಲಿಸಿದ್ದು ಒಂದು ಹಲ್ಲಿ ಮಾರಾಯ್ತಿ" ಎಂದಳು ಅಮ್ಮ. "ಸಾಂಬಾರಿಗೆ ಬಿದ್ದಿತ್ತು. ಅಡುಗೆಯವನಿಗೆ ಇವರ ಬಾಯಿಯ ಹೆದರಿಕೆ, ಹೇಳಲೇ ಇಲ್ಲ. ತೆಗೆದು ಬಿಸಾಡಿ ಸಾಂಬಾರು ಬಡಿಸಿದ. ಮೊದಲು ಉಂಡವರು ಇವರೇ. ಬಾಲ ಉಳಿದಿತ್ತು."

ಅಮ್ಮ ನಕ್ಕಳು. ಶ್ರೀಜಾಳಿಗೆ ನಗು ಬರಲಿಲ್ಲ. ಅಪ್ಪ ಯಾರ ಹೆಗಲ ಮೇಲೂ ಕೈಯಿಟ್ಟವರಲ್ಲ. ಆದರೂ ಆ ಅಡುಗೆಮನೆಯಲ್ಲಿ ಬಿದ್ದದ್ದನ್ನು ಬಿತ್ತೆಂದು ಕೂಗಲು ಯಾರಿಗೂ ದಿಂಬು ಬೇಕಿರಲಿಲ್ಲ. ಅವಳ ಕಾರ್ಖಾನೆಯಲ್ಲಿ ಹಲ್ಲಿ ಪಾತ್ರೆಯಲ್ಲೇ ಇತ್ತು. ಎಲ್ಲರೂ ಸುತ್ತ ನಿಂತು ಕೈತಟ್ಟಿ ಅದನ್ನೇ ಉಣ್ಣುತ್ತಿದ್ದರು, ಅವಳು ಬಡಿಸುತ್ತಿದ್ದಳು. ತಟ್ಟೆ ದೂರ ತಳ್ಳಿ ಎದ್ದಳು.

ಮುಂದಿನ ವಾರ ಸಂಭಾಜಿನಗರದಲ್ಲಿ ಕಂಪನಿಯ ವಾರ್ಷಿಕ ಸಭೆ. ಎಲ್ಲ ಊರಿನ ಘಟಕಗಳೂ ಬರುವ ಆ ಸಭೆಯಲ್ಲಿ ನಂಬಿಕೆ ಬೆಳೆಸಿದ ಮಾದರಿ ತಂಡವೆಂದು ಅಂಬಡ್‌ನವರಿಗೆ ಸನ್ಮಾನ. ಪ್ರಧಾನ ಕಚೇರಿಯಿಂದ ಭಾನುಮತಿ ಮೇಡಂ ಬರುತ್ತಾರೆ; ವೇದಿಕೆಯ ಮೇಲೆ ಭಾಗವ್ವ ತನ್ನ ಭಯ ಹೇಗೆ ಹೋಯಿತೆಂದು ಹೇಳಬೇಕು, ಶ್ರೀಜಾ ಮರಾಠಿ ಮಾಡಬೇಕು. ಹೀಗೆ ದಿಗಂತ್ ಎಲ್ಲವನ್ನೂ ಹೊಂದಿಸಿದ್ದ.

ಬಸ್ಸು ಬೆಳಿಗ್ಗೆ ಹೊರಟಿತು. ದೊಡ್ಡವರಿಗೆ ಉಡುಗೊರೆ ಕೊಡಲೆಂದು ದಿಂಡೋರಿಯ ದ್ರಾಕ್ಷಿಯ ಪೆಟ್ಟಿಗೆಗಳನ್ನು ಹಿಂದಿನ ಸೀಟಿನಲ್ಲಿ ಪೇರಿಸಿದ್ದರು. ಯೇವಲಾ ದಾಟುವಷ್ಟರಲ್ಲಿ ಬಿಸಿಲಿಗೆ ತಳದ ಪೆಟ್ಟಿಗೆ ಒಡೆದು, ಹುಳಿ ನಾತ ಬಸ್ಸು ತುಂಬಿತು. ಚಪ್ಪಲಿಯ ಕೆಳಗೆ ನೆಲ ಪಚಪಚ ಅಂಟಿತು. ದಿಗಂತ್ ಶ್ರೀಜಾಳ ಪಕ್ಕ ಬಂದು ಕೂತ.

"ನೀ ಆಪ್ಲಿ, ನಮ್ಮ ಹುಡುಗಿ" ಎಂದ. "ಅಕಿ ಏನ ಅಂದ್ರೂ ನೀ ಛಾನ್, ಚಂದ ಮಾಡಿ ಹೇಳು. ಜಾಸ್ತಿ ಬೋಲಾಯಚ ನಾಹಿ, ಹೆಚ್ಚಿಗಿ ಮಾತಾಡಬ್ಯಾಡ. ನಾಲ್ಕ ಮಂದಿ ಮುಂದ ನಿನ್ನ ಬಾಯಿ ಒಣಗತದ, ನೀನ ಹೇಳಿದ್ದಿ ಅಲ್ಲ? ನನಗ ನೆನಪ ಅದ."

ಕೈ ಹೆಗಲ ಮೇಲೆ ಬಂತು. ಆ ಭಯವನ್ನು ಅವಳು ಎಷ್ಟು ಕಷ್ಟಪಟ್ಟು ಹೇಳಿದ್ದಳು, ಹೇಳಿದ ದಿನ ಎಷ್ಟು ಹಗುರಾಗಿ ಮನೆಗೆ ಹೋಗಿದ್ದಳು. ಅದನ್ನೇ ಅವನು ಜೇಬಿನಲ್ಲಿಟ್ಟುಕೊಂಡು ಓಡಾಡಿ ಈಗ ತೆಗೆದು ತೋರಿಸುತ್ತಿದ್ದಾನೆ. ಅವಳ ಬಾಯಿ ನಿಜಕ್ಕೂ ಒಣಗಿತು. ಹೂಂ ಎಂದಳು. ಆ ಹೂಂ ನಚಿಕೇತ ಅನ್ನುವ ಹೂಂ ಹಾಗೆಯೇ ಕೇಳಿಸಿತು.

ವೈಜಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಎಲ್ಲರೂ ಇಳಿದರು. ಭಾಗವ್ವ ಮಾತ್ರ ತೊಡೆಯ ಮೇಲೆ ದಿಂಬಿನ ಚೀಲವಿಟ್ಟುಕೊಂಡು ಕಿಟಕಿಯ ಹತ್ತಿರ ಕೂತಿದ್ದಳು. ಶ್ರೀಜಾ ಎರಡು ಚಹಾ ಹಿಡಿದು ಹತ್ತಿ ಬಂದು, ಅಲ್ಲಿ ಇದ್ದದ್ದನ್ನು ಇದ್ದಂತೆ ಹೇಳುತ್ತೀಯಾ ಎಂದು ಮೆಲ್ಲಗೆ ಕೇಳಿದಳು. ಭಾಗವ್ವ ಚಹಾ ತೆಗೆದುಕೊಳ್ಳಲಿಲ್ಲ.

"ಎಲ್ಲಾ ಚಲೋ ಅದ ಅಂತೀನ್ರಿ ಮೇಡಂ. ಹಿಂದ ನೀವು ಹೇಳು ಅಂದ್ರಿ, ಹೇಳಿದ್ಯಾ. ಏನ ಆತು? ನನ್ನ ಜಾಗಾದಾಗ ನಮ್ಮ ಹುಡಿಗಿ ಕುಂತಾಳ. ಇನ್ನೊಮ್ಮಿ ಹೇಳಿದ್ರ ಇಬ್ಬರನೂ ಊರಿಗೆ ಹಚ್ತಾರ. ತಂತಿ ಅಲ್ಲೇ ಇರ್ತದ."

ಈ ಹೊತ್ತಿನಲ್ಲಿ ಲಕ್ಷ್ಮವ್ವನ ಕೈ ಆ ಬಾಗಿಲಿನೊಳಗೆ ಹೋಗಿ ಬರುತ್ತಿರುತ್ತದೆ, ಹೋಗಿ ಬರುತ್ತಿರುತ್ತದೆ. ಎರಡೂ ಚಹಾ ಅವಳ ಕೈಯಲ್ಲೇ ಕೆನೆಗಟ್ಟಿದವು.

ಸಭೆ ಖುಲ್ತಾಬಾದ್ ರಸ್ತೆಯ ಹೋಟೆಲೊಂದರ ಹಾಲಿನಲ್ಲಿ. ಕಿಟಕಿಯಾಚೆ ದರ್ಗಾಕ್ಕೆ ಹೋಗುವವರ ಜೀಪುಗಳು ಧೂಳೆಬ್ಬಿಸುತ್ತಿದ್ದವು. ಒಳಗೆ ಥರ್ಮಾಕೋಲಿನ ದೊಡ್ಡ ಅಕ್ಷರಗಳಲ್ಲಿ 'ವಿಶ್ವಾಸ' ಎಂದು ಅಂಟಿಸಿ ಸುತ್ತ ಬಲೂನು ಕಟ್ಟಿದ್ದರು. ದಿಗಂತ್ ಚೀಲದಿಂದ ದಿಂಬು ತೆಗೆದ. ಹೊಸ ಮಖಮಲ್ಲಿನ ಗವಸು, ರಕ್ತದಷ್ಟು ಕೆಂಪು. ಸಭೆ ಚಪ್ಪಾಳೆ ತಟ್ಟಿತು. ಅವನು ಹತ್ತು ನಿಮಿಷ ಚೆನ್ನಾಗಿಯೇ ಮಾತಾಡಿದ. ತಂಡವೆಂದರೆ ಕುಟುಂಬ, ನಾಯಕನೆಂದರೆ ಕೇಳುವ ಕಿವಿ ಎಂದ. ಒಂದೊಂದು ಮಾತೂ ಕೇಳಲು ಸರಿಯಾಗಿತ್ತು.

ಆಮೇಲೆ ಭಾಗವ್ವನನ್ನೂ ಶ್ರೀಜಾಳನ್ನೂ ವೇದಿಕೆಗೆ ಕರೆದು, ದಿಂಬನ್ನು ಭಾಗವ್ವನ ಕೈಗೆ ಕೊಟ್ಟರು. ಭಾನುಮತಿ ಮೇಡಂ ನರೆಗೂದಲಿನ ಹೆಂಗಸು, ಮಾತು ಕಡಿಮೆ. ಮರಾಠಿಯಲ್ಲಿ ಕೇಳಿದರು, ನಿನ್ನ ಭಯ ಹೇಳಿಕೊಂಡ ಮೇಲೆ ಏನು ಬದಲಾಯಿತು ತಾಯಿ ಎಂದು. ಶ್ರೀಜಾ ಕನ್ನಡ ಮಾಡಿ ಹೇಳಿದಳು.

"ಎಲ್ಲಾ ಚಲೋ ಅದರಿ" ಎಂದಳು ಭಾಗವ್ವ, ನೆಲ ನೋಡುತ್ತ.

ಶ್ರೀಜಾ ಅದನ್ನೂ ಮರಾಠಿ ಮಾಡಿದಳು. ಭಾನುಮತಿ ತಲೆಯಾಡಿಸಲಿಲ್ಲ. ಅವಳಿಗೆ ಯಾತರ ಭಯ ಇತ್ತು ಎಂದು ಮತ್ತೆ ಕೇಳಿದರು. ಮೊದಲ ಸಾಲಿನಿಂದ ದಿಗಂತ್ ನಗುತ್ತ, ಅದೆಲ್ಲ ಕಳೆದ ಮಾತು ಮೇಡಂ, ಹೆಂಗಸರ ಮನಸ್ಸಿನ ಅಂಜಿಕೆ, ಈಗ ಹೋಗಿದೆ ಎಂದ. ಪಕ್ಕದಲ್ಲಿ ನಚಿಕೇತ ಬೂಟು ನೋಡಿಕೊಳ್ಳುತ್ತಿದ್ದ. ಭಾಗವ್ವ ರೂಢಿಯ ಪ್ರಕಾರ, ತನ್ನದು ಮುಗಿಯಿತೆಂದು ದಿಂಬನ್ನು ಪಕ್ಕಕ್ಕೆ ದಾಟಿಸಿದಳು.

ಅದು ಶ್ರೀಜಾಳ ಕೈಗೆ ಬಂತು. ಬೆಚ್ಚಗಿತ್ತು. ಹೊಸ ಗವಸಿನ ಒಳಗಿಂದ ಹಳೆಯ ಎಣ್ಣೆಯ, ಬೆವರಿನ ಅದೇ ಕಮಟು ಮೂಗಿಗೆ ಬಡಿಯಿತು. ದಿಂಬು ಯಾರ ಕೈಯಲ್ಲಿದೆಯೋ ಅವರು ಹೇಳಬೇಕು. ಹಾಲಿನ ಅಷ್ಟೂ ಮುಖಗಳು ಅವಳ ಕಡೆ ತಿರುಗಿದವು. ನಾಲಿಗೆ ಅಂಗುಳಕ್ಕೆ ಅಂಟಿತು. ದಿಗಂತ್ ಅವಳನ್ನೇ ನೋಡುತ್ತ, ಬೇಗ ಮುಗಿಸು ಎಂಬಂತೆ ಮೆಲ್ಲಗೆ ಕೈತಟ್ಟಲು ಶುರುಮಾಡಿದ. ಹಿಂದಿನ ಸಾಲುಗಳೂ ತಟ್ಟತೊಡಗಿದವು.

ಅವಳು ದಿಂಬನ್ನು ಬಗ್ಗಿ ನೆಲದ ಮೇಲಿಟ್ಟಳು. ಕೈಯನ್ನು ದುಪಟ್ಟಾಕ್ಕೆ ಒರೆಸಿಕೊಂಡಳು. ಚಪ್ಪಾಳೆ ನಿಲ್ಲುವವರೆಗೆ ಕಾದು ನಿಂತಳು. ಆಮೇಲೆ ಭಾನುಮತಿಯವರ ಕಡೆ ತಿರುಗಿ, ಯಾರ ಮಾತನ್ನೂ ಅನುವಾದಿಸದೆ, ತನಗೇ ಗುರುತು ಸಿಗದ ಒಡಕು ದನಿಯಲ್ಲಿ ಮರಾಠಿಯಲ್ಲಿ ಹೇಳಿದಳು:

"ಮೂರನೇ ಪ್ರೆಸ್ಸಿನ ಸ್ವಿಚ್ಚಿಗೆ ಇವತ್ತೂ ತಂತಿ ಕಟ್ಟಿದೆ. ಈಗ ಆ ಪ್ರೆಸ್ಸಿನ ಮುಂದೆ ಲಕ್ಷ್ಮವ್ವ ಕೂತಿದ್ದಾಳೆ."